ಬಲ ಅಂಚಿನ ತಂಗಿ

ನಮ್ಮ ಆಫೀಸಿನ ಎರಡನೆಯ ಮಹಡಿಯಲ್ಲಿ ಅಕ್ಕಪಕ್ಕ ಎರಡು ಕೋಣೆಗಳಿದ್ದವು. ಒಂದರಲ್ಲಿ ನಾನು ಕೂರುತ್ತಿದ್ದೆ, ಇನ್ನೊಂದರಲ್ಲಿ ನನ್ನ ತಂಗಿ. ನಡುವೆ ಇದ್ದದ್ದು ಪ್ಲೈವುಡ್ ಗೋಡೆ. ಅವಳು ಕೆಮ್ಮಿದರೆ ನನಗೆ ಕೇಳಿಸುತ್ತಿತ್ತು. ಅವಳನ್ನು ಯಾರಾದರೂ ಹೊಗಳಿದರೆ ಇನ್ನೂ ಚೆನ್ನಾಗಿ ಕೇಳಿಸುತ್ತಿತ್ತು.

ಹಳೆಯ ಸಿನಿಮಾಗಳನ್ನು ಡಿವಿಡಿಗೆ ಇಳಿಸಿ ಮಾರುವ ಕಂಪನಿ ಅದು. ನಮ್ಮ ಮಹಡಿಗೆ ಬರುತ್ತಿದ್ದದ್ದು ಸಿನಿಮಾಸ್ಕೋಪ್ ಚಿತ್ರಗಳು ಮಾತ್ರ. ಒಂದು ಕಾಲದಲ್ಲಿ ಟೀವಿಗೆ ಸಡ್ಡು ಹೊಡೆಯಲೆಂದೇ ಪರದೆಯನ್ನು ಎಳೆದೆಳೆದು ಅಗಲ ಮಾಡಿದ ಚಿತ್ರಗಳವು. ಎತ್ತರ ಒಂದು ಗಜವಾದರೆ ಅಗಲ ಎರಡು ಗಜ ದಾಟಿ ಇನ್ನೂ ಮುಂದಕ್ಕೆ. ಕೊನೆಗೆ ಅವನ್ನೇ ತಂದು ಹೆಚ್ಚುಕಡಿಮೆ ಚೌಕವಾದ ಟೀವಿ ಪೆಟ್ಟಿಗೆಯೊಳಗೆ ಕೂರಿಸಬೇಕೆಂದರೆ ಆನೆಯನ್ನು ಅಡುಗೆಮನೆ ಬಾಗಿಲಿಂದ ಒಳಗೆ ಕರೆದ ಹಾಗೆ. ಇರುವುದು ಎರಡೇ ದಾರಿ. ಒಂದೋ ಆನೆಯನ್ನು ಇಡಿಯಾಗಿ ಚಿಕ್ಕದು ಮಾಡಿ, ಮೇಲೂ ಕೆಳಗೂ ಕಪ್ಪು ಪಟ್ಟಿ ಬಿಟ್ಟು ನಡುವೆ ನಿಲ್ಲಿಸಬೇಕು. ಇಲ್ಲವೇ ಟೀವಿ ತುಂಬುವಷ್ಟು ಆನೆಯನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಬೇಕು. ಅಂಗಡಿಗಳಿಗೆ ಎರಡು ಬಗೆಯ ಡಿವಿಡಿಗಳೂ ಹೋಗುತ್ತಿದ್ದವು. ಕಪ್ಪು ಪಟ್ಟಿಯದಕ್ಕೆ ನಮ್ಮಲ್ಲಿ 'ಅಗಲ' ಎಂದು ಹೆಸರು, ಕತ್ತರಿಸಿದ್ದಕ್ಕೆ 'ಭರ್ತಿ'. ಅಗಲ ತಂಗಿಯದು. ಭರ್ತಿ ನನ್ನದು.

ಭರ್ತಿ ಮಾಡುವುದು ಹೇಗೆಂದು ಹೇಳಿಬಿಡುತ್ತೇನೆ. ನನ್ನ ಮುಂದಿನ ಮಾನಿಟರಿನಲ್ಲಿ ಪೂರ್ತಿ ಚಿತ್ರ ಓಡುತ್ತದೆ. ಅದರ ಮೇಲೆ ಬಿಳಿ ಗೆರೆಯ ಒಂದು ಚೌಕಟ್ಟು, ಕೈಯ ಕೆಳಗೆ ಒಂದು ತಿರುಗಣೆ. ತಿರುಗಣೆ ಸೊನ್ನೆಯಲ್ಲಿದ್ದರೆ ಚೌಕಟ್ಟು ಪೂರಾ ಎಡಕ್ಕೆ, ನೂರರಲ್ಲಿದ್ದರೆ ಪೂರಾ ಬಲಕ್ಕೆ. ಚೌಕಟ್ಟಿನ ಒಳಗಿರುವುದು ಜನರ ಮನೆಗೆ ಹೋಗುತ್ತದೆ. ಹೊರಗುಳಿದದ್ದು, ನೂರರಲ್ಲಿ ನಲವತ್ತಮೂರು ಪಾಲು, ಎಲ್ಲಿಗೂ ಹೋಗುವುದಿಲ್ಲ. ಒಂದು ಚಿತ್ರದಲ್ಲಿ ಸಾವಿರದ ಚಿಲ್ಲರೆ ಶಾಟುಗಳು. ಒಂದೊಂದಕ್ಕೂ ಯೋಚಿಸಿ ಅಂಕಿ ಆರಿಸಿ ಪಟ್ಟಿಯಲ್ಲಿ ಬರೆಯಬೇಕು. ಮಾತಾಡುವವರನ್ನು ಇಟ್ಟುಕೋ, ಎಲ್ಲರೂ ಸುಮ್ಮನಿದ್ದರೆ ಅಲುಗಾಡುವವರನ್ನು ಇಟ್ಟುಕೋ: ಇದು ನಿಯಮ. ಆದರೆ ನಿಯಮದಿಂದ ಅರ್ಧ ಕೆಲಸವೂ ಆಗುವುದಿಲ್ಲ. ಉಳಿದದ್ದು ಮನಸ್ಸು.

ತಂಗಿಯ ಕೆಲಸದಲ್ಲಿ ಏನಿದೆ? ಚಿತ್ರ ಇದ್ದ ಹಾಗೇ ಇರುತ್ತದೆ. ಬಣ್ಣ ಸರಿ ಇದೆಯೇ, ಅಂಚು ನೇರ ಇದೆಯೇ ನೋಡಿ ಕೈ ತೊಳೆದುಕೊಳ್ಳುವುದು. ಯಾರನ್ನೂ ಆರಿಸಬೇಕಾಗಿಲ್ಲ, ಯಾರನ್ನೂ ಬಿಡಬೇಕಾಗಿಲ್ಲ. ನಾನು ಅಡುಗೆ ಮಾಡುವವಳಾದರೆ ಅವಳು ಅಂಗಡಿಯ ಚೀಲವನ್ನು ತಂದು ಮೇಜಿನ ಮೇಲೆ ಇಡುವವಳು. ಹಾಗಂತ ನಾನು ನಂಬಿದ್ದೆ. ನಂಬಿಕೆಗೆ ಸಾಕ್ಷಿಯಾಗಿ ಒಬ್ಬ ಗಿರಾಕಿಯ ಪತ್ರವನ್ನೂ ಡ್ರಾಯರಿನಲ್ಲಿ ಮಡಿಸಿ ಇಟ್ಟುಕೊಂಡಿದ್ದೆ. ಟೀವಿಗೆ ನಾನು ಪೂರ್ತಿ ದುಡ್ಡು ಕೊಟ್ಟಿದ್ದೇನೆ, ನಿಮ್ಮ ಅಗಲದ ಸಿನಿಮಾ ಮಾತ್ರ ಅರ್ಧ ಟೀವಿಗೇ ಬರುತ್ತದೆ, ಉಳಿದರ್ಧ ಯಾವಾಗ ಕಳಿಸುತ್ತೀರಿ ಎಂದು ಅವನು ಕೇಳಿದ್ದ. ಬೇಜಾರಾದಾಗ ತೆಗೆದು ಓದುತ್ತಿದ್ದೆ.

ಅವಳನ್ನು ಅಲ್ಲಿಗೆ ತಂದವಳೂ ನಾನೇ, ಅಜ್ಜಿಯ ಕಾಟ ತಡೆಯಲಾರದೆ. ನಮ್ಮಿಬ್ಬರನ್ನೂ ಸಾಕಿದವಳು ಅಜ್ಜಿ. ಚಿಕ್ಕವಳು ಮನೆಯಲ್ಲಿ ಸುಮ್ಮನೆ ಕೂತಿದ್ದಾಳೆ, ನಿನ್ನ ಪಕ್ಕದಲ್ಲಿ ಒಂದು ಕುರ್ಚಿ ಇಲ್ಲವೇ ಎಂದು ದಿನಾ ಕೇಳಿ ಕೇಳಿ, ನಾನು ಮೇಲಿನವರ ಹತ್ತಿರ ಬಾಯಿಬಿಡುವ ಹಾಗೆ ಮಾಡಿದಳು. ನಮ್ಮ ಮೇಲಿನವರನ್ನು ಎಲ್ಲರೂ 'ನೋಡೋಣ ಸಾರ್' ಎನ್ನುತ್ತಿದ್ದೆವು. ಸಂಬಳ ಹೆಚ್ಚಿಸಿ ಎಂದರೂ ನೋಡೋಣ, ಫ್ಯಾನು ಕೆಟ್ಟಿದೆ ಎಂದರೂ ನೋಡೋಣ. ತಂಗಿಯ ವಿಷಯದಲ್ಲಿ ಮಾತ್ರ ಅವರು ನೋಡುತ್ತ ಕೂರಲಿಲ್ಲ, ಮರುದಿನವೇ ಬರಹೇಳಿದರು. ಆಗಲೇ ನನಗೆ ಸಣ್ಣಗೆ ಏನೋ ಚುಚ್ಚಿತ್ತು.

ಅವಳು ಬಂದು ಮೂರು ವಾರ ಕಳೆದಿರಲಿಲ್ಲ, ತಟ್ಟೆಯ ಪ್ರಸಂಗ ನಡೆಯಿತು. ಸಿನಿಮಾಸ್ಕೋಪ್ ರೀಲಿನಲ್ಲಿ ಚಿತ್ರ ಅಡ್ಡಡ್ಡಲಾಗಿ ಹಿಂಡಿಕೊಂಡು ಕೂತಿರುತ್ತದೆ, ಎಲ್ಲರೂ ಹಸಿದವರ ಹಾಗೆ ಉದ್ದುದ್ದ. ಅದನ್ನು ಎಳೆದು ಅಗಲ ಮಾಡಿದರೆ ಮನುಷ್ಯರಾಗುತ್ತಾರೆ. ನಮ್ಮ ಯಂತ್ರ ಎಳೆಯುತ್ತಿತ್ತು, ನಾವು ನಂಬುತ್ತಿದ್ದೆವು. ಇವಳು ಒಂದು ದಿನ ಸ್ಕೇಲ್ ಹಿಡಿದು ಮಾನಿಟರಿನ ಮುಂದೆ ನಿಂತು, ಊಟದ ದೃಶ್ಯದಲ್ಲಿದ್ದ ತಟ್ಟೆಯೊಂದನ್ನು ಅಳೆದಳು. ನೇರ ಮೇಲಿನಿಂದ ತೆಗೆದ ಶಾಟು. ಆದರೂ ತಟ್ಟೆ ದುಂಡಗಿಲ್ಲ, ಒಂದು ಕೂದಲಷ್ಟು ಮೊಟ್ಟೆಯಾಗಿದೆ ಎಂದಳು. ಸೈಕಲ್ ಚಕ್ರ ಅಳೆದಳು, ಅದೂ ಮೊಟ್ಟೆ. ಯಂತ್ರದ ಅಳತೆ ತಪ್ಪಿತ್ತು. ನಾಲ್ಕು ವರ್ಷದಿಂದ ನಾವು ಕಳಿಸಿದ ಚಿತ್ರಗಳಲ್ಲೆಲ್ಲ ನಾಯಕಿಯರು ಒಂದು ಕೂದಲಷ್ಟು ಸಣ್ಣಗಿದ್ದರು. ನೋಡೋಣ ಸಾರ್ ಇಡೀ ಮಹಡಿಯವರನ್ನು ಕರೆದು, ಕಣ್ಣು ಅಂದರೆ ಇದು ಎಂದರು. ಆ ನಾಲ್ಕು ವರ್ಷವೂ ಅದೇ ಯಂತ್ರದ ಮುಂದೆ ಕೂತಿದ್ದವಳು ನಾನು. ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ. ಆ ಚಪ್ಪಾಳೆಯ ಉರಿ ಒಂದು ವಾರ ಅಂಗೈಯಲ್ಲಿತ್ತು.

ಹೊಟ್ಟೆಕಿಚ್ಚು ನನಗೆ ಹೊಸದಲ್ಲ, ನನ್ನ ಪಾಲಿಗೆ ಅದು ಕಥೆಯಲ್ಲೇ ಬಂದದ್ದು. ಅಜ್ಜಿಯ ಕಥೆಗಳಲ್ಲಿ ರಾಜನಿಗೆ ಇಬ್ಬರು ರಾಣಿಯರು, ವ್ಯಾಪಾರಿಗೆ ಇಬ್ಬರು ಹೆಣ್ಣುಮಕ್ಕಳು. ಕಿರಿಯವಳು ಬಾವಿಯಲ್ಲಿ ಬಿದ್ದರೆ ಬಂಗಾರದ ಮೀನು ಎತ್ತಿ ದಡಕ್ಕೆ ಹಾಕುತ್ತದೆ. ಅವಳನ್ನು ಬಾವಿಗೆ ತಳ್ಳುವವಳು ಹಿರಿಯವಳು. ಯಾವ ಕಥೆಯಾದರೂ ತಳ್ಳುವವಳು ಹಿರಿಯವಳೇ. ಅಜ್ಜಿಯ ಬಲಗಡೆ ನಾನು, ಎಡಗಡೆ ತಂಗಿ ಮಲಗಿ ಕೇಳುತ್ತಿದ್ದೆವು. ತಳ್ಳುವ ಜಾಗ ಬಂದಾಗ ತಂಗಿ ಅಜ್ಜಿಯ ಹೊಟ್ಟೆಯ ಮೇಲಿಂದ ಬಗ್ಗಿ ನನ್ನ ಮುಖ ನೋಡುತ್ತಿದ್ದಳು. ಒಂದು ಸಲ ಸಿಟ್ಟು ಬಂದು ಕೇಳಿದೆ, ಯಾವಾಗಲೂ ದೊಡ್ಡವಳೇ ಯಾಕೆ ಕೆಟ್ಟವಳು ಎಂದು. ಅಜ್ಜಿ, "ಮೊದಲು ಬಂದವಳಿಗೇ ಅಲ್ಲವೇ ಜಾಗ ಬಿಟ್ಟುಕೊಡೋ ಸಂಕಟ, ಆಮೇಲೆ ಬಂದವಳಿಗೆ ಅದೇನು ಗೊತ್ತಾಗುತ್ತೆ" ಎಂದಿದ್ದಳು. ಅದು ಸಮಾಧಾನವೋ ಶಾಪವೋ ಇವತ್ತಿಗೂ ತಿಳಿದಿಲ್ಲ.

ಹೀಗಿರುವಾಗ ಆ ದೋಣಿಯ ಚಿತ್ರ ನಮ್ಮ ಮಹಡಿಗೆ ಬಂತು. ಅದರ ಜೊತೆಗೇ ಒಂದು ಸುದ್ದಿಯೂ ಬಂತು. ನಮ್ಮ ಡಿವಿಡಿಗಳನ್ನು ಹೆಚ್ಚು ಕೊಳ್ಳುತ್ತಿದ್ದ ದೊಡ್ಡ ಅಂಗಡಿಯವರು, ಒಂದೇ ಚಿತ್ರಕ್ಕೆ ಎರಡೆರಡು ಇಡಲು ಕಪಾಟಿನಲ್ಲಿ ಜಾಗವಿಲ್ಲ, ಇನ್ನು ಮುಂದೆ ಒಂದೇ ತೆಗೆದುಕೊಳ್ಳುತ್ತೇವೆ, ಯಾವುದೆಂದು ಈ ದೋಣಿ ಚಿತ್ರ ನೋಡಿ ಹೇಳುತ್ತೇವೆ ಎಂದಿದ್ದರಂತೆ. ಎರಡರ ಜೊತೆ ಮನೆನೋಟದ ಹಾಳೆಯನ್ನೂ ಕಳಿಸಬೇಕಂತೆ. ಭರ್ತಿ ಗೆದ್ದರೆ ತಂಗಿ ಕೆಳಮಹಡಿಗೆ, ಲೇಬಲ್ ಅಂಟಿಸುವ ಮೇಜಿಗೆ. ಅಗಲ ಗೆದ್ದರೆ ನಾನು.

ಮನೆನೋಟ ನಮ್ಮ ಆಫೀಸಿನದೇ ಒಂದು ಪದ್ಧತಿ. ಮಾರಾಟಕ್ಕೆ ಹೋಗುವ ಮುಂಚೆ ಪ್ರತಿ ಡಿವಿಡಿಯನ್ನೂ ಯಾರಾದರೂ ಒಬ್ಬ ನೌಕರರ ಮನೆಯ ಮಾಮೂಲಿ ಟೀವಿಯಲ್ಲಿ, ಈ ಕಸುಬಿನ ಗಂಧವೇ ಇಲ್ಲದ ಒಬ್ಬರಿಗೆ ತೋರಿಸಬೇಕು. ಅವರು ಏನು ಅಂದರೋ ಅದನ್ನು ಅವರ ಮಾತಿನಲ್ಲೇ, ಒಂದಕ್ಷರ ಬಿಡದೆ, ಹಾಳೆಯಲ್ಲಿ ಬರೆಯಬೇಕು. ಮಾಡಿದವರು ಬರೆಯುವ ಹಾಗಿಲ್ಲ; ಪಕ್ಕದ ಕೋಣೆಯವರು ಬರೆಯಬೇಕು. ಲಿಫ್ಟಿನವನ ಹೆಂಡತಿ, ಟೈಪಿಸ್ಟಿನ ಅಪ್ಪ, ಹೀಗೆ ಸರದಿಯ ಮೇಲೆ ಹೋಗುತ್ತಿತ್ತು. ಈ ಸಲದ ಸರದಿ ನಮ್ಮ ಮನೆಯದು. ಅಂದರೆ ಅಜ್ಜಿಯದು.

ಸರದಿ ಕೇಳಿ ನನಗೆ ಒಳಗೊಳಗೇ ಹಿಗ್ಗಾಯಿತು. ಅಜ್ಜಿಗೆ ಎರಡೂ ಕಣ್ಣಲ್ಲಿ ಪೊರೆ. ಒಂದರದು ಮಾತ್ರ ತೆಗೆಸಿದ್ದೆವು. ಕಪ್ಪು ಪಟ್ಟಿಗಳ ನಡುವೆ ಇರುವೆಗಳ ಹಾಗೆ ಓಡಾಡುವ ಜನ ಅವಳಿಗೆ ಏನು ಕಂಡಾರು?

ಚಿತ್ರದ ಕಥೆ ಇಷ್ಟೇ. ಅಪ್ಪ ಸತ್ತ ಮೇಲೆ ಇಬ್ಬರು ಅಕ್ಕತಂಗಿಯರು ನದಿಯ ದಡದಲ್ಲಿ ದೋಣಿ ಕಟ್ಟುವ ಕಾರ್ಖಾನೆ ನಡೆಸುತ್ತಾರೆ. ಅಕ್ಕನಿಗೆ ಅದೇ ಪ್ರಾಣ. ತಂಗಿಗೆ ಆ ದಡ ಬಿಟ್ಟು ಹೋದರೆ ಸಾಕಾಗಿದೆ. ಕ್ಯಾಮೆರಾದವನು ಜಾಣ, ಇಡೀ ಚಿತ್ರದಲ್ಲಿ ಅಕ್ಕನನ್ನು ಎಡ ತುದಿಯ ಮೇಜಿನ ಹಿಂದೆ, ತಂಗಿಯನ್ನು ಬಲ ತುದಿಯ ಕಿಟಕಿಯ ಹತ್ತಿರ ನಿಲ್ಲಿಸಿ, ನಡುವೆ ಅಷ್ಟಗಲದ ಖಾಲಿ ನೆಲ ಬಿಟ್ಟಿದ್ದ. ನನ್ನ ಚೌಕಟ್ಟಿನೊಳಗೆ ಇಬ್ಬರೂ ಹಿಡಿಸುತ್ತಿರಲಿಲ್ಲ. ನಡುವೆ ಇಟ್ಟರೆ ಈ ಕಡೆ ಒಂದು ಮೂಗು, ಆ ಕಡೆ ಒಂದು ಮೂಗು, ಮಧ್ಯೆ ನೆಲ.

ನಾನು ಆ ಅಕ್ಕನನ್ನು ಪ್ರೀತಿಸಿದೆ. ಉದ್ದ ಕತ್ತಿನ ನಟಿ. ಯಾರಾದರೂ ಮಾತಾಡುವಾಗ ಪೆನ್ಸಿಲನ್ನು ಮೇಜಿನ ಮೇಲೆ ಸದ್ದಾಗದ ಹಾಗೆ ಇಡುವವಳು. ಐದು ವಾರ ನಾನು ಅವಳ ಜೊತೆ ಆ ದಡದಲ್ಲೇ ಇದ್ದೆ. ಟೀ ಕುಡಿಯುವಾಗಲೂ ಮರದ ಹೊಟ್ಟಿನ ವಾಸನೆ ಬರುತ್ತಿತ್ತು. ಅಜ್ಜಿಯ ಕಥೆಗಳಲ್ಲಿ ಯಾರೂ ಹೇಳದೆ ಬಿಟ್ಟ ಹಿರಿಯವಳ ಕಥೆ ಇದೇ ಅನ್ನಿಸುತ್ತಿತ್ತು. ಕೊನೆಯ ಶಾಟಿನಲ್ಲಿ ತಂಗಿ ದೋಣಿ ಹತ್ತಿ ಬಲಕ್ಕೆ ಹೋಗುತ್ತಾಳೆ, ಅಕ್ಕ ಎಡಗಡೆ ದಡದಲ್ಲಿ ನಿಂತು ನೋಡುತ್ತಾಳೆ. ಅಲುಗಾಡುವವರನ್ನು ಇಟ್ಟುಕೋ ಎನ್ನುತ್ತದೆ ನಿಯಮ. ದೋಣಿಯ ಅಲುಗಾಟಕ್ಕಿಂತ ಇವಳ ಗಂಟಲು ಅಲುಗಿದ್ದು ದೊಡ್ಡದು ಅನ್ನಿಸಿ ತಿರುಗಣೆಯನ್ನು ನಾಲ್ಕಕ್ಕೆ ಇಟ್ಟೆ. ಇಡೀ ಟೀವಿ ತುಂಬ ಅವಳ ಮುಖ, ಹಿಂದೆ ನೀರು. ನಾನು ಮಾಡಿದ ಕೆಲಸದಲ್ಲೆಲ್ಲ ಅದು ಚೆಂದದ್ದು ಎಂದು ಆ ದಿನ ಬಸ್ಸಿನಲ್ಲಿ ಒಬ್ಬಳೇ ನಕ್ಕಿದ್ದೆ.

ಒಬ್ಬರ ಪಟ್ಟಿಯನ್ನು ಇನ್ನೊಬ್ಬರು ತಪಾಸಣೆ ಮಾಡಿ ಸಹಿ ಹಾಕಬೇಕು. ತಂಗಿ ನನ್ನ ಪಟ್ಟಿಯನ್ನು ಎರಡು ದಿನ ಇಟ್ಟುಕೊಂಡಳು. ಆಮೇಲೆ ಊಟದ ಹೊತ್ತಲ್ಲಿ, ಏನೋ ಹವಾಮಾನದ ಮಾತಾಡುವ ಹಾಗೆ, "ಅಕ್ಕ, ನಿನ್ನ ಪಟ್ಟೀಲಿ ಎಪ್ಪತ್ತು ದಾಟಿದ ಅಂಕಿ ಕಡಿಮೆ ಅಲ್ವಾ?" ಎಂದಳು.

ಮೊಸರಲ್ಲಿ ಕಲ್ಲು ಹುಡುಕುತ್ತಿದ್ದಾಳೆ ಅನ್ನಿಸಿತು. "ನೀನು ತಟ್ಟೆ ಅಳೆಯೋಳು. ಕಥೆ ವಿಷಯ ನಿನಗೇನು ಗೊತ್ತು?" ಎಂದೆ.

ಅವಳು ಕತ್ತು ಬಗ್ಗಿಸಿ ಊಟ ಮುಗಿಸಿದಳು. ಮರುದಿನ ಪಟ್ಟಿಗೆ ಸಹಿ ಬಿದ್ದಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರಂತೆ. ನಾನು ಹೆಗಲು ಮುಟ್ಟಿಕೊಂಡದ್ದು ನನಗೇ ಗೊತ್ತಾಗಲಿಲ್ಲ.

ಶನಿವಾರ ಮಧ್ಯಾಹ್ನ ಭರ್ತಿಯ ಮನೆನೋಟ. ಅಜ್ಜಿಯ ಕುರ್ಚಿಯನ್ನು ಟೀವಿಯ ಎದುರಿಗೆ ಎಳೆದು, ಬೆನ್ನಿಗೆ ದಿಂಬು ಕೊಟ್ಟೆ. ತಂಗಿ ಮಂಚದ ತುದಿಯಲ್ಲಿ ಹಾಳೆ ಪೆನ್ನು ಹಿಡಿದು ಕೂತಳು. ಅಜ್ಜಿ ತನ್ನನ್ನು ಪರೀಕ್ಷೆಗೆ ಕೂರಿಸಿದ್ದಾರೆಂದು ಭಾವಿಸಿ ತಲೆ ಬಾಚಿಸಿಕೊಂಡು ಬಂದಿದ್ದಳು. ಚಿತ್ರ ಶುರುವಾಗಿ ಅಕ್ಕನ ಮುಖ ಬಂದದ್ದೇ ತಡ, ಅವಳ ಬಾಯಿ ಅರಳಿತು. ಎಷ್ಟೋ ವರ್ಷದ ಮೇಲೆ ಟೀವಿಯಲ್ಲಿ ಒಂದು ಮುಖವನ್ನು ಮುಖದ ಹಾಗೆ ನೋಡುತ್ತಿದ್ದೇನೆ ಎಂದಳು.

"ಮೂಗಿನ ತುದಿ ಕೂಡ ಕಾಣುತ್ತೆ ಕಣೇ. ಸಿನಿಮಾ ಅಂದ್ರೆ ಇದು."

ಬರೆದುಕೋ ಎಂದು ನಾನು ತಂಗಿಗೆ ಕಣ್ಣಲ್ಲೇ ಸನ್ನೆ ಮಾಡಿದೆ. ಅವಳು ಆಗಲೇ ಬರೆಯುತ್ತಿದ್ದಳು. ಎರಡು ಗಂಟೆ ಅಜ್ಜಿ ರೆಪ್ಪೆ ಬಡಿಯಲಿಲ್ಲ, ನಾನು ಅಜ್ಜಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಕೊನೆಯ ಶಾಟಿನಲ್ಲಿ ಅವಳು ಕಣ್ಣೊರೆಸಿಕೊಂಡಾಗ ನಾನು ಗೆದ್ದೆ ಅಂದುಕೊಂಡೆ.

"ಚೆನ್ನಾಗಿತ್ತು," ಎಂದಳು ಅಜ್ಜಿ. "ಆದ್ರೆ ಆ ಚಿಕ್ಕವಳು ಯಾವಾಗ ನೀರಿಗೆ ಬಿದ್ದಳು? ನಾನು ತೂಕಡಿಸಿಬಿಟ್ನಾ?"

"ಯಾರು ಬಿದ್ದರು ಅಜ್ಜಿ?"

"ತಂಗಿ. ಮೊದಲಲ್ಲಿ ಒಂದೆರಡು ಸಲ ಬಂದಳಲ್ಲ, ಕೂದಲು ಗಿಡ್ಡ ಮಾಡ್ಕೊಂಡವಳು. ಆಮೇಲೆ ಪತ್ತೆನೇ ಇಲ್ಲ. ಪಾಪ ಅಕ್ಕ ಅವಳ ಹತ್ತಿರ ಮಾತಾಡ್ತಾನೇ ಇದ್ದಳು, ಸತ್ತವರ ಹತ್ತಿರ ಮಾತಾಡ್ತಾರಲ್ಲ ಕೆಲವರು, ಹಾಗೆ. ಕೊನೆಗೆ ನದಿ ನೋಡಿ ಅತ್ತಳಲ್ಲ, ಆಗ ಖಾತ್ರಿ ಆಯ್ತು."

"ತಂಗಿ ದನಿ ಕೇಳ್ತಿತ್ತಲ್ಲ ಅಜ್ಜಿ," ಎಂದೆ.

"ಕೇಳ್ತಿತ್ತು. ಅದಕ್ಕೇ ನನಗೆ ಇನ್ನೂ ಹೆದರಿಕೆ ಆಯ್ತು."

ನಾನು ತಂಗಿಯ ಕಡೆ ನೋಡಲಿಲ್ಲ. ಪೆನ್ನಿನ ಸದ್ದು ಮಾತ್ರ ನಿಂತಿತ್ತು. ಅವಳು ಎದ್ದು ಅಜ್ಜಿಗೆ ನೀರು ತರಲು ಒಳಗೆ ಹೋದಳು.

ಸಂಜೆ ಪಟ್ಟಿಯ ಪ್ರತಿ ತೆಗೆದು ಕೂತೆ. ಅಕ್ಕ ತಂಗಿ ಇಬ್ಬರೂ ಇರುವ ಶಾಟುಗಳನ್ನು ಪೆನ್ಸಿಲಿನಲ್ಲಿ ಗುರುತು ಹಾಕಿ ಎಣಿಸಿದೆ. ಮುನ್ನೂರ ಹನ್ನೆರಡು. ಅದರಲ್ಲಿ ಇನ್ನೂರ ತೊಂಬತ್ತರಲ್ಲಿ ತಿರುಗಣೆ ಮೂವತ್ತರ ಕೆಳಗೇ ಇತ್ತು. ಅಕ್ಕ ಮಾತಾಡುವಾಗ ಅವಳು ಮಾತಾಡುತ್ತಿದ್ದಾಳೆಂದು ಅವಳನ್ನು ಇಟ್ಟುಕೊಂಡಿದ್ದೆ. ತಂಗಿ ಮಾತಾಡುವಾಗ ಅಕ್ಕ ಕೇಳಿಸಿಕೊಳ್ಳುತ್ತಿದ್ದಾಳೆಂದು ಅಕ್ಕನನ್ನೇ ಇಟ್ಟುಕೊಂಡಿದ್ದೆ. ತಂಗಿ ನಕ್ಕಾಗ, ಅತ್ತಾಗ, ಬಾಗಿಲು ಬಡಿದುಕೊಂಡು ಹೋದಾಗ, ಎಲ್ಲಕ್ಕೂ ನನ್ನಲ್ಲೊಂದು ಕಾರಣವಿತ್ತು. ಬೇಕೆಂದು ಮಾಡಲಿಲ್ಲ ಎಂದರೆ ಅರ್ಧ ಸುಳ್ಳು. ಒಂದೊಂದು ಸಲ ಆ ಗಿಡ್ಡ ಕೂದಲಿನವಳು ಬಿಳಿ ಗೆರೆಯ ಆಚೆ ಸರಿದು ಮಾಯವಾಗುವಾಗ ಕೈಗೆ ಒಂದು ಸುಖ ಆಗುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ನನ್ನ ಅಂಗೈ ಆ ತಿರುಗಣೆಯ ಮೇಲೇ ಇತ್ತಲ್ಲ, ನೋಡಿಕೊಳ್ಳಲಿಲ್ಲ.

ಇನ್ನು ಮುಗಿಯಿತು. ಹಾಳೆ ತಂಗಿಯ ಕೈಯಲ್ಲಿದೆ, ಅಜ್ಜಿಯ ಮಾತು ಒಂದಕ್ಷರ ಬಿಡದೆ ಅದರಲ್ಲಿರುತ್ತದೆ, ಅಂಗಡಿಯವರು ಓದುತ್ತಾರೆ. ತಟ್ಟೆ ಅಳೆದವಳು ಈಗ ನನ್ನನ್ನು ಅಳೆದಿದ್ದಾಳೆ. ರಾತ್ರಿ ಊಟಕ್ಕೆ ನನಗೆ ಹಸಿವಿಲ್ಲ ಎಂದೆ.

ಭಾನುವಾರ ಅಗಲದ ಸರದಿ. ಈ ಸಲ ಪೆನ್ನು ನನ್ನ ಕೈಯಲ್ಲಿತ್ತು, ಮನಸ್ಸು ವಿಷವಾಗಿತ್ತು. ಅಜ್ಜಿ ನಾನು ಬಯಸಿದ್ದನ್ನೆಲ್ಲ ಅಂದಳು. ಕಿಟಕಿಗೆ ಮೇಲೂ ಕೆಳಗೂ ಬಟ್ಟೆ ಕಟ್ಟಿ ಸಂದಿಯಲ್ಲಿ ಇಣುಕಿದ ಹಾಗಿದೆ ಎಂದಳು. ಬರೆದೆ. ಇವರೆಲ್ಲ ಯಾಕೆ ಇಷ್ಟು ದೂರ ಹೋಗಿ ನಿಂತಿದ್ದಾರೆ, ಹತ್ತಿರ ಬರಹೇಳು ಎಂದಳು. ದುಂಡಗೆ ಬರೆದೆ. ಕುರ್ಚಿಯನ್ನು ಮೂರು ಸಲ ಮುಂದಕ್ಕೆ ಎಳೆಸಿಕೊಂಡು, ಕೊನೆಗೆ ಟೀವಿಯ ಗಾಜಿಗೆ ಮೂಗು ತಾಗಿಸುವಷ್ಟು ಹತ್ತಿರ ಕೂತಳು. ಅದನ್ನೂ ಬರೆದೆ. ತಂಗಿ ಗೋಡೆಗೆ ಒರಗಿ ಉಗುರು ಕಚ್ಚುತ್ತಿದ್ದಳು. ಕೊನೆಯ ಶಾಟು ಬಂತು. ಅಜ್ಜಿ ಒಂದು ಬೆರಳನ್ನು ಗಾಜಿನ ಮೇಲೆ ಇಟ್ಟು, ಎಡದಿಂದ ಬಲಕ್ಕೆ ನಿಧಾನವಾಗಿ ಜರುಗಿಸಿದಳು.

"ಓ, ಇಲ್ಲಿದ್ದಾಳೆ. ದೋಣಿ ಹತ್ತಿದ್ದಾಳೆ. ಬದುಕಿದ್ದಾಳೆ, ಸದ್ಯ."

ಪೆನ್ನಿನಲ್ಲಿ ಶಾಯಿ ಬೇಕಾದಷ್ಟಿತ್ತು. ನಾನು ಹಾಳೆ ಮಡಿಸಿದೆ.

ಸೋಮವಾರ ಬೆಳಗ್ಗೆ ಬಸ್ಸಿನಲ್ಲಿ ಒಂದೇ ಸೀಟು ಸಿಕ್ಕಿತು. ನೀನು ಕೂತ್ಕೋ ಅಕ್ಕ ಎಂದು ತಂಗಿ ಮುಂದೆ ಹೋಗಿ ಕಂಬ ಹಿಡಿದು ನಿಂತಳು. ಎರಡೂ ಹಾಳೆಗಳ ಲಕೋಟೆ ನನ್ನ ತೊಡೆಯ ಮೇಲಿತ್ತು, ಅಂಟಿಸಿರಲಿಲ್ಲ. ನೇಣಿನ ಹಗ್ಗವನ್ನು ಕೈಯಲ್ಲಿ ಹಿಡಿದು ನೋಡುವವಳ ಹಾಗೆ ಅವಳು ಬರೆದದ್ದನ್ನು ಹೊರಗೆ ತೆಗೆದೆ.

ಅಚ್ಚು ಹಾಕಿದಂಥ ಅಕ್ಷರ. ಒಂದು ಮುಖವನ್ನು ಮುಖದ ಹಾಗೆ ನೋಡುತ್ತಿದ್ದೇನೆ ಅಂದರು. ಮೂಗಿನ ತುದಿ ಕೂಡ ಕಾಣುತ್ತೆ, ಸಿನಿಮಾ ಅಂದ್ರೆ ಇದು ಅಂದರು. ಕಣ್ಣೊರೆಸಿಕೊಂಡರು. ಚೆನ್ನಾಗಿತ್ತು ಅಂದರು. ಅಲ್ಲಿಗೆ ಮುಗಿದಿತ್ತು. ಉಳಿದ ಖಾಲಿ ಜಾಗಕ್ಕೆ ಸ್ಕೇಲ್ ಹಿಡಿದು ಒಂದು ಓರೆ ಗೆರೆ ಎಳೆದು ಸಹಿ ಹಾಕಿದ್ದಳು.

ಎರಡು ಸಲ ಓದಿದೆ. ಮೊದಲು ಮೈ ಹಗುರಾಯಿತು. ಆಮೇಲೆ ಹೊಟ್ಟೆಯೊಳಗೆ ಬೆಂಕಿ ಬಿತ್ತು. ತಟ್ಟೆಯ ದಿನದ್ದಕ್ಕಿಂತ ಹತ್ತು ಪಟ್ಟು. ಕತ್ತಿ ಅವಳ ಕೈಗೆ ಸಿಕ್ಕಿತ್ತು. ಅವಳು ಅದನ್ನು ಒರೆಸಿ ಪಕ್ಕಕ್ಕಿಟ್ಟಿದ್ದಳು. ನನ್ನ ಕೈಗೆ ಸಿಕ್ಕಿತ್ತು; ನಾನು ಚುಚ್ಚಿದ್ದೆ. ಕಂಬ ಹಿಡಿದು 'ಏನೂ ಆಗಿಲ್ಲ' ಅನ್ನುವ ಹಾಗೆ ಹೊರಗೆ ನೋಡುತ್ತ ನಿಂತಿದ್ದ ಅವಳ ಬೆನ್ನನ್ನು ನೋಡಿದೆ. ಜಾಣತನ ಅವಳದು, ಸರಿ. ನೋಡೋಣ ಸಾರ್ ಅವಳ ಕಡೆ, ಅದೂ ಸರಿ. ಈಗ ಒಳ್ಳೆಯತನವೂ ಅವಳದೇ ಆಗಬೇಕೇ? ಇನ್ನು ಮೂವತ್ತು ವರ್ಷ ನಾನು ಭರ್ತಿಯ ಕೋಣೆಯಲ್ಲಿ ಕೂತರೂ ಅದು ಅವಳು ಬಿಟ್ಟುಕೊಟ್ಟ ಕುರ್ಚಿ. ಅವಳು ಅದನ್ನು ಯಾವತ್ತೂ ಆಡಿ ತೋರಿಸುವುದಿಲ್ಲ. ಆ ಆಡಿತೋರಿಸದೆ ಇರುವುದನ್ನು ನಾನು ದಿನಾ ಪ್ಲೈವುಡ್ಡಿನ ಆಚೆಯಿಂದ ಕೇಳಿಸಿಕೊಳ್ಳಬೇಕು.

ಪೆನ್ನು ತೆಗೆದೆ. ಬಸ್ಸು ಕುಲುಕುತ್ತಿತ್ತು. ಅವಳ ಓರೆ ಗೆರೆಯ ಮೇಲೇ, ಸೊಟ್ಟ ಅಕ್ಷರದಲ್ಲಿ ಬರೆದೆ: ಆ ಚಿಕ್ಕವಳು ಯಾವಾಗ ನೀರಿಗೆ ಬಿದ್ದಳು, ನಾನು ತೂಕಡಿಸಿಬಿಟ್ನಾ ಅಂದರು. ಕೈ ಒಮ್ಮೆ ಶುರುವಾದ ಮೇಲೆ ನಿಲ್ಲಲಿಲ್ಲ. ದನಿ ಕೇಳಿ ಹೆದರಿದ್ದನ್ನೂ ಬರೆದೆ. ನನ್ನ ಹಾಳೆಯನ್ನು ತೆಗೆದು, ಬದುಕಿದ್ದಾಳೆ ಸದ್ಯ ಎಂಬುದನ್ನೂ ಸೇರಿಸಿದೆ.

ನೋಡೋಣ ಸಾರ್ ನಿಂತುಕೊಂಡೇ ಓದಿದರು. ಆಮೇಲೆ ಕೂತು ಇನ್ನೊಂದು ಸಲ ಓದಿ ನಮ್ಮಿಬ್ಬರನ್ನೂ ಕರೆದರು. ಒಂದೇ ಹಾಳೆಯಲ್ಲಿ ಎರಡು ಕೈಬರಹ ಯಾಕಿದೆ ಎಂದು ಕೇಳಿದರು. ಮಾಡಿದವರು ಹಾಳೆ ಮುಟ್ಟಬಾರದೆಂಬ ನಿಯಮ ನೆನಪಿದೆಯೇ ಎಂದರು.

"ಬರೆಯಬೇಕಾದವಳು ಬಿಟ್ಟಿದ್ದಳು ಸಾರ್," ಎಂದೆ.

ತಂಗಿಯ ಕಿವಿ ಕೆಂಪಾಯಿತು. ಎಂಟು ತಿಂಗಳಲ್ಲಿ ಅವಳ ಹೆಸರಿನ ಮುಂದೆ ಬಿದ್ದ ಮೊದಲ ತಪ್ಪು ಅದು. ಸಾರ್ ಅವಳಿಗೆ ಮೆಲ್ಲನೆ, ಆದರೆ ಚೆನ್ನಾಗಿಯೇ ಹೇಳಿದರು. ಗಿರಾಕಿಯ ಮಾತನ್ನು ನುಂಗುವವರು ಈ ಮಹಡಿಗೆ ಬೇಡ ಎಂದರು. ಸುಳ್ಳೇಕೆ ಹೇಳಲಿ, ನನ್ನ ನಾಲಿಗೆಯ ಮೇಲೆ ಸಕ್ಕರೆ ಇಟ್ಟ ಹಾಗಾಯಿತು. ಮರುಕ್ಷಣ ಅವರು ನನ್ನ ಪಟ್ಟಿ ತರಿಸಿ, ಅಂಕಿಗಳ ಮೇಲೆ ಬೆರಳಾಡಿಸುತ್ತ ಪುಟದ ಮೇಲೆ ಪುಟ ತಿರುವಿದರು. ಅಂಗಡಿಗೆ ಅಗಲವೊಂದನ್ನೇ ಕಳಿಸುತ್ತೇನೆ, ಭರ್ತಿಯ ಯಂತ್ರಕ್ಕೆ ಹೊದಿಕೆ ಹಾಕಿಸಿ, ಮುಂದಿನ ವಾರದಿಂದ ನೀವು ಕೆಳಗೆ ಹೋಗಿ ಎಂದು ನನಗೆ ಹೇಳಿದರು.

ಮೆಟ್ಟಿಲ ಹತ್ತಿರ ತಂಗಿ ನನ್ನ ತೋಳು ಹಿಡಿದು ನಿಲ್ಲಿಸಿದಳು. ಅವಳಿಗೆ ಅಳು ಬರುವುದು ಕಡಿಮೆ. ಬಂದಾಗ ಸಿಟ್ಟಿನ ಹಾಗೆ ಕಾಣುತ್ತದೆ.

"ಯಾಕೆ ಬರೆದೆ ಅಕ್ಕ? ನಿನ್ನ ಉಳಿಸೋಣ ಅಂತ ತಾನೇ ನಾನು ಬಿಟ್ಟಿದ್ದು."

"ಗೊತ್ತು. ಅದಕ್ಕೇ ಬರೆದೆ."

ಅವಳಿಗೆ ಅರ್ಥವಾಗಲಿಲ್ಲ. ಅವಳು ಕಿರಿಯವಳು, ಹೇಗೆ ಅರ್ಥವಾದೀತು?

ಮೇಲಿನ ಮಹಡಿಯಲ್ಲಿ ನನಗೆ ಒಂದು ಕೆಲಸ ಮಾತ್ರ ಬಾಕಿ ಇತ್ತು. ಅವಳ ಅಗಲವನ್ನು ತಪಾಸಣೆ ಮಾಡಿ ಸಹಿ ಹಾಕುವುದು. ಶುಕ್ರವಾರ ಅವಳ ಕೋಣೆಗೆ ಹೋದೆ. ಅವಳು ಎದ್ದು ಕುರ್ಚಿ ಬಿಟ್ಟಳು. ನಾಲ್ಕು ದಿನದಿಂದ ನಾವು ಮಾತಾಡಿರಲಿಲ್ಲ. ಬೇಗ ಮುಗಿಸಿ ಏಳೋಣ ಎಂದು ಕೊನೆಯ ಶಾಟನ್ನು ಹಾಕು ಎಂದೆ.

ಐದು ವಾರ ನಾನು ಆ ಶಾಟನ್ನು ಬಿಳಿ ಗೆರೆಯೊಳಗೆ ನೋಡಿದ್ದೆ; ಭಾನುವಾರ ಕಣ್ಣೆಲ್ಲ ಹಾಳೆ ಮತ್ತು ಅಜ್ಜಿಯ ಮೇಲಿತ್ತು. ಈಗ ಗೆರೆ ಇರಲಿಲ್ಲ. ಎಡ ತುದಿಯಲ್ಲಿ ನನ್ನ ಅಕ್ಕ, ನಾನು ಅಂದುಕೊಂಡದ್ದಕ್ಕಿಂತ ಎಷ್ಟೋ ಚಿಕ್ಕವಳು. ಬಲ ತುದಿಯಲ್ಲಿ ದೋಣಿ. ದೋಣಿಯಲ್ಲಿ ಆ ಹುಡುಗಿ ಬೆನ್ನು ತಿರುಗಿಸಿ ಕೂತಿದ್ದಾಳೆಂದು ನೆನಪಿತ್ತು. ಬೆನ್ನು ತಿರುಗಿಸಿರಲಿಲ್ಲ. ಹುಟ್ಟು ಹಾಕುವವರು ಹಾಗೆ ಕೂರುವುದಿಲ್ಲವಲ್ಲ. ಅವಳು ದಡದ ಕಡೆಗೇ ಮುಖ ಮಾಡಿ, ಅಕ್ಕನನ್ನು ನೋಡುತ್ತಲೇ, ಹಿಂದು ಹಿಂದಕ್ಕೆ ಹೋಗುತ್ತಿದ್ದಳು. ಇಬ್ಬರ ನಡುವೆ ನೀರು ಹೆಚ್ಚಾಗುತ್ತಲೇ ಇತ್ತು.

ಚೆನ್ನಾಗಿ ಮಾಡಿದ್ದೀಯ ಅನ್ನಬೇಕು ಅನ್ನಿಸಿತು. ಬಾಯಿಯವರೆಗೆ ಬಂತು. ಹೊರಗೆ ಬಂದದ್ದು ಬೇರೆ.

"ಬಲ ಅಂಚು ನೋಡು. ದೋಣಿ ಹಿಂದೆ ಹಸಿರು ಗೆರೆ ಇದೆ, ಕೂದಲಷ್ಟು. ಫಿಲ್ಮು ಗೀರಿದೆ."

ಅವಳು ಬಗ್ಗಿದಳು. ಅವಳ ಉಸಿರು ನನ್ನ ಕಿವಿಗೆ ತಾಗಿತು. ಗೆರೆ ಇತ್ತು. ಎಂಟು ಸಲ ನೋಡಿದರೂ ಅವಳ ಕಣ್ಣಿಗೆ ಬೀಳದ ಗೆರೆ.

"ಹೌದಲ್ಲ," ಎಂದಳು. ಕಾಗದ ಎಳೆದುಕೊಂಡು ಶಾಟಿನ ನಂಬರು ಬರೆದುಕೊಂಡಳು. ಆಮೇಲೆ, ಕಾಗದದಿಂದ ತಲೆ ಎತ್ತದೆ, "ಬೇರೆ ಕಡೇನೂ ಇರಬಹುದಾ ಅಕ್ಕ?" ಎಂದಳು.

"ಮೊದಲಿಂದ ಹಾಕು," ಎಂದೆ.

ಹಾಕಿದಳು. ಇನ್ನೊಂದು ಸ್ಟೂಲ್ ಎಳೆದುಕೊಂಡು ನನ್ನ ಪಕ್ಕ ಕೂತಳು. ದೋಣಿ ಕಾರ್ಖಾನೆಯ ಬಾಗಿಲು ತೆರೆಯಿತು, ಎಡಗಡೆ ಅಕ್ಕ ಬಂದು ನಿಂತಳು, ನಾನು ಬಲ ಅಂಚನ್ನೇ ನೋಡುತ್ತ ಕೂತೆ.